ಪಟ್ಟಿಯಲ್ಲಿಲ್ಲದ ಅಂಕಣ

ಬಾಯಿ ಜಾರಿ ಆಡಿದ ಮಾತಿನಿಂದ ಮನುಷ್ಯನ ತಲೆಯ ಮೇಲೆ ಏನೇನೋ ಬರುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಹನ್ನೆರಡು ಅಂಕಣದ ತಗಡಿನ ಛಾವಣಿಯೇ ಬರುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅದು ಬಂದದ್ದು ನೋಟ್‌ಬುಕ್ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಪಟ್ಟಿಯಪ್ಪನವರಿಗೆ.

ಪಟ್ಟಿಯಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಸೂಜಿಯಿಂದ ಹಿಡಿದು ಗೋಂದಿನ ಡ್ರಮ್ಮಿನವರೆಗೆ ಎಲ್ಲಕ್ಕೂ ಅವರು ಪಟ್ಟಿ ಮಾಡುತ್ತಿದ್ದರು. ಒಟ್ಟು ಎಷ್ಟು ಪಟ್ಟಿಗಳಿವೆ ಎಂಬುದಕ್ಕೂ ಒಂದು ಪಟ್ಟಿಯಿತ್ತು. ಎದುರಿಗೆ ಎಲ್ಲರೂ ‘ಸಾರ್’ ಎನ್ನುತ್ತಿದ್ದರು, ಬೆನ್ನು ತಿರುಗಿದರೆ ಪಟ್ಟಿಯಪ್ಪ. ಅವರಿಗೂ ಅದು ಗೊತ್ತಿತ್ತು. ಕೋಪ ಮಾಡಿಕೊಳ್ಳುವ ಸ್ವಭಾವವಲ್ಲ, ಪಾಪ.

ಹಿಂದಿನ ಅಂಗಳದಾಚೆಯ ಸಣ್ಣ ಶೆಡ್ಡೊಂದನ್ನು ಬಿಟ್ಟರೆ, ಕಾರ್ಖಾನೆ ಎಂದರೆ ರೈಲಿನ ಹಾಗೆ ಉದ್ದಕ್ಕೆ ಮಲಗಿದ ಒಂದು ಶೆಡ್ಡು. ಎರಡು ಕಂಬಸಾಲುಗಳ ನಡುವಿನ ಜಾಗ ಒಂದು ಅಂಕಣ. ಒಂದೊಂದಕ್ಕೂ ಕೆಲಸಗಾರರು ಇಟ್ಟ ಹೆಸರಿತ್ತು. ಮುಂಬಾಗಿಲ ಪಕ್ಕದ್ದು ಗೋಂದಿನ ಅಂಕಣ. ಅದರಾಚೆಗೆ ಹೊಲಿಗೆಯ ಅಂಕಣ, ಫ್ಯಾನಿಲ್ಲದ ಅಂಕಣ, ಹೀಗೆ ಸಾಗಿ, ಕಾಗದದ ಕಟ್ಟುಗಳ ಹಿಂದೆ ಬೆಕ್ಕೊಂದು ವರ್ಷಕ್ಕೆರಡು ಬಾರಿ ಮರಿ ಹಾಕುವ ಬೆಕ್ಕಿನ ಅಂಕಣ, ನಂತರ ಕತ್ತರಿ ಯಂತ್ರದ ಅಂಕಣ. ಕಟ್ಟಕಡೆಯದರಲ್ಲಿ ಮ್ಯಾನೇಜರರ ಕೋಣೆ. ಅದಕ್ಕೆ ನಿದ್ದೆ ಅಂಕಣ ಎಂದು ಹೆಸರು. ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಛಾವಣಿಗೆ ವಯಸ್ಸಾಗಿತ್ತು. ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಮಳೆಗಾಲ ಕಾಲಿಡುವ ಮೊದಲು ಬದಲಾಯಿಸಲೇಬೇಕು. ಆದರೆ ಶಾಲೆಗಳು ತೆರೆಯುವ ಹೊತ್ತು, ಪುಸ್ತಕಗಳ ದೊಡ್ಡ ಆರ್ಡರು ಕೈಯಲ್ಲಿದೆ, ಒಂದು ದಿನವೂ ಬಾಗಿಲು ಹಾಕುವಂತಿಲ್ಲ. ಮೇಲೆ ಛಾವಣಿ ಕಳಚುತ್ತಿರಬೇಕು, ಕೆಳಗೆ ಪುಸ್ತಕ ಹೊಲಿಯುತ್ತಿರಬೇಕು.

“ಛಾವಣಿ ಕೆಲಸದ ಅನುಭವ ಇರೋರು ಯಾರಾದ್ರೂ ಇದ್ದೀರೇನ್ರಪ್ಪಾ?” ಎಂದು ಯಜಮಾನರು ಸಭೆಯಲ್ಲಿ ಕೇಳಿದರು.

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆ ಮೌನ ಪಟ್ಟಿಯಪ್ಪನವರಿಗೆ ತಡೆಯಲಾಗಲಿಲ್ಲ.

“ನಮ್ಮ ಮಾವನವರ ಮನೆ ಸೂರು ನಾನೇ ನಿಂತು ಬದಲಾಯಿಸಿದ್ದು ಸಾರ್,” ಎಂದುಬಿಟ್ಟರು.

ಇದು ಸುಳ್ಳಲ್ಲ. ಅವರು ನಿಂತಿದ್ದರು. ಏಣಿಯ ಬುಡ ಹಿಡಿದುಕೊಂಡು ಹತ್ತು ನಿಮಿಷ ನಿಂತಿದ್ದರು.

ಅಂದೇ ಅವರು ‘ಛಾವಣಿ ಉಸ್ತುವಾರಿ’ ಆದರು. ಅಷ್ಟಕ್ಕೇ ಸುಮ್ಮನಿದ್ದರೆ ಅವರು ಪಟ್ಟಿಯಪ್ಪ ಹೇಗಾದಾರು? ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ ಯಜಮಾನರಿಗೆ ಕೊಟ್ಟರು: ‘ಒಂದು ಗಂಟೆಯೂ ಕೆಲಸ ನಿಲ್ಲುವುದಿಲ್ಲ. ಒಂದು ಹಾಳೆಯೂ ನೆನೆಯುವುದಿಲ್ಲ. ಹನ್ನೆರಡು ದಿನದಲ್ಲಿ ಹನ್ನೆರಡು ಅಂಕಣ.’

ಯಜಮಾನರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. “ನೋಡಿ, ಒಂದು ಹಾಳೆ ನೆನೆದ್ರೂ ಹಳೇ ತಗಡಿನ ಜೊತೆ ನೀವೂ ಗುಜರಿಗೆ,” ಎಂದು ನಕ್ಕರು. ಯಜಮಾನರು ನಗುತ್ತ ಹೇಳಿದ ಮಾತುಗಳು ನಿಜವಾಗುವುದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಮನೆಯಲ್ಲಿ ಹೆಂಡತಿಗೆ ಈ ಬಡ್ತಿ ಹೇಳಿದಾಗ ಆಕೆ ಪಾತ್ರೆ ಒರೆಸುತ್ತಲೇ ಕೇಳಿದರು, “ಬಚ್ಚಲಿನ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ತಾ ಇದೆಯಲ್ಲ, ಅದು ಯಾರ ಉಸ್ತುವಾರಿ?”

“ದೊಡ್ಡ ಕೆಲಸದ ಮಧ್ಯೆ ನಲ್ಲಿ ಗಿಲ್ಲಿ ಅನ್ಬೇಡ ಕಣೇ.”

“ಹಾಗಾದ್ರೆ ನಲ್ಲಿಗೂ ಒಂದು ನಂಬರ್ ಕೊಟ್ಟು ಪಟ್ಟಿಗೆ ಸೇರಿಸಿ. ಆಗಲಾದ್ರೂ ನಿಮ್ಮ ಕಣ್ಣಿಗೆ ಬೀಳತ್ತೆ.”

ನಂಬರು! ಪಟ್ಟಿಯಪ್ಪನವರಿಗೆ ಜ್ಞಾನೋದಯವಾಯಿತು. ಗೋಂದು, ಬೆಕ್ಕು, ನಿದ್ದೆ ಎಂದೆಲ್ಲ ಅಂಕಣಗಳಿಗೆ ಹೆಸರಿಟ್ಟುಕೊಂಡು ಎಲ್ಲಾದರೂ ಉಸ್ತುವಾರಿ ನಡೆಯುತ್ತದೆಯೇ? ರಾತ್ರಿಗೆ ಮೊದಲೇ ಮುಂಬಾಗಿಲಿನಿಂದ ಹಿಂಬಾಗಿಲವರೆಗೆ ಒಂದರಿಂದ ಹನ್ನೆರಡು ಎಂದು ನಂಬರು ಕೊಟ್ಟರು. ದಿನಕ್ಕೊಂದರಂತೆ ಪಟ್ಟಿ ಬರೆದರು. ಅದರಡಿ ನಾಲ್ಕು ನಿಯಮಗಳು. ಒಂದು, ಆಯಾ ದಿನದ ಅಂಕಣ ಬೆಳಗ್ಗೆ ಎಂಟಕ್ಕೆ ಖಾಲಿಯಾಗಬೇಕು. ಎರಡು, ಖಾಲಿಯಾದ ಮೇಲೆ ಉಸ್ತುವಾರಿಯವರು ಸೀಟಿ ಊದುವರು, ಆಗ ಮಾತ್ರ ತಗಡು ಬಿಚ್ಚಬೇಕು. ಮೂರು, ಅನುಮಾನಗಳಿದ್ದರೆ ಬರವಣಿಗೆಯಲ್ಲಿ ಕೊಡಬೇಕು. ನಾಲ್ಕು, ಛಾವಣಿಯ ಮೇಲಿನವರು ಕೆಳಗಿನವರೊಡನೆ ನೇರವಾಗಿ ಮಾತನಾಡಕೂಡದು.

ಒಂದು ಪ್ರತಿ ಗೋಡೆಗೆ, ಒಂದು ಪ್ರತಿ ಛಾವಣಿ ಮೇಸ್ತ್ರಿಗೆ. ಮೇಸ್ತ್ರಿ ಅದನ್ನು ಎರಡು ಸಲ ಓದಿ ಟೋಪಿಯೊಳಗಿಟ್ಟುಕೊಂಡ. ತಗಡು ಇಳಿಸಿದ್ದು ಹಿಂದಿನ ಅಂಗಳದಲ್ಲಿ, ಏಣಿ ಹಾಕಿದ್ದೂ ಅಲ್ಲೇ. ಹತ್ತಿದವನಿಗೆ ಎದುರಾಗುವ ಮೊದಲನೆಯ ಅಂಕಣ ಒಂದಲ್ಲದೆ ಮತ್ತೇನು?

ಮೊದಲ ದಿನ ಬೆಳಗ್ಗೆ ಗೋಂದಿನ ಅಂಕಣ ಖಾಲಿಯಾಯಿತು. ಪಟ್ಟಿಯಪ್ಪನವರು ಅದರ ನಡುವೆ ನಿಂತು, ಕೆನ್ನೆ ಉಬ್ಬಿಸಿ ಸೀಟಿ ಊದಿದರು. ಕತ್ತೆತ್ತಿ ಕಾದರು. ಕತ್ತು ನೋಯುವವರೆಗೆ ಕಾದರು. ಅಷ್ಟರಲ್ಲಿ ಶೆಡ್ಡಿನ ಇನ್ನೊಂದು ತುದಿಯಿಂದ ಒಂದು ಕೂಗು ಕೇಳಿಸಿತು.

ಅಲ್ಲಿ ಯಜಮಾನರ ಹೆಂಡತಿಯ ತಮ್ಮ, ಅಂದರೆ ಮ್ಯಾನೇಜರು, ಮೇಜಿನ ಮೇಲೆ ಕಾಲಿಟ್ಟು ಬೆಳಗಿನ ಮೊದಲ ನಿದ್ದೆಯಲ್ಲಿದ್ದರು. ಬೋಳು ತಲೆಗೆ ಬಿಸಿಲು ತಟ್ಟಿ ಕಣ್ಣು ಬಿಟ್ಟರೆ ಮೇಲೆ ತಗಡಿನ ಚೂರು ಬೀಳದಂತೆ ಕಟ್ಟಿದ ಬಲೆ, ಬಲೆಯ ಮೇಲೆ ಆಕಾಶ, ಆಕಾಶದಲ್ಲಿ ಮೇಸ್ತ್ರಿಯ ಮುಖ. ನಿಯಮ ನಾಲ್ಕನ್ನು ನೆನೆದು ಮೇಸ್ತ್ರಿ ಮಾತನಾಡಲಿಲ್ಲ, ಮರ್ಯಾದೆಗೆ ನಮಸ್ಕಾರ ಮಾಡಿದ.

“ಏನ್ರೀ ಇದು? ನನ್ನ ತಲೆ ಮೇಲಿನ ಸೂರು ಎಲ್ರೀ?”

ಓಡಿ ಬಂದ ಪಟ್ಟಿಯಪ್ಪನವರಿಗೆ ಎಲ್ಲ ಅರ್ಥವಾಯಿತು. ತಮ್ಮ ಹನ್ನೆರಡು ಮೇಲಿನವರಿಗೆ ಒಂದು! ತಪ್ಪಾಯಿತು ಎಂದರೆ ಒಂದೇ ಶಬ್ದಕ್ಕೆ ಮುಗಿಯುತ್ತಿತ್ತು. ಆದರೆ ಉಸ್ತುವಾರಿಯ ಕೆಲಸ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ.

“ಇದು ಪದ್ಧತಿ ಸಾರ್,” ಎಂದರು. “ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಮೊದಲು ಮೇಲಧಿಕಾರಿ ತಲೆ ಮೇಲಿನದೇ ತೆಗೆಯೋದು. ಅವರೇ ಹೆದರದೆ ಕೂತಿದ್ದಾರಲ್ಲ ಅಂತ ಕೆಲಸಗಾರರಿಗೆ ಧೈರ್ಯ ಬರತ್ತೆ. ನಿಮಗೆ ಕಷ್ಟ ಆಗೋದಾದ್ರೆ ಹೇಳಿ, ಬೇರೆಯವರನ್ನ ಕೂರಿಸೋಣ.”

ಮ್ಯಾನೇಜರು ಕಾಲು ಕೆಳಗಿಳಿಸಿದರು. ಎದೆ ಸ್ವಲ್ಪ ಉಬ್ಬಿತು. “ಕಷ್ಟ ಏನ್ರೀ? ನಾನೇ ಕೂರ್ತೀನಿ.”

ಆ ದಿನವಿಡೀ ಅವರು ಬಯಲಲ್ಲಿ ಕುಳಿತು ಆಡಳಿತ ನಡೆಸಿದರು. ಗಾಳಿಗೆ ಹಾರುವ ಕಾಗದಗಳನ್ನು ಹಿಡಿಯುವುದರಲ್ಲಿ ಹಿಂದೆಂದೂ ಇಲ್ಲದಷ್ಟು ಚುರುಕಾದರು. ಪಕ್ಕದ ಹಿಟ್ಟಿನ ಗಿರಣಿಯವರು ಮಹಡಿ ಕಿಟಕಿಗೆ ಬಂದು ನಿಂತರು. ಇಷ್ಟು ವರ್ಷ ನೆರೆಯಲ್ಲಿದ್ದರೂ ಆ ಕೋಣೆಯ ಒಳಗನ್ನು ಅವರು ಕಂಡಿರಲಿಲ್ಲ.

“ಸಾರ್, ದಿಂಬು ಬಿಸಿಲಿಗೆ ಹಾಕಿದ್ದೀರಾ? ಒಳ್ಳೇದು, ಹತ್ತಿ ಬೆಚ್ಚಗಾಗತ್ತೆ,” ಎಂದು ಗಿರಣಿಯ ಗುಮಾಸ್ತ ಕೂಗಿದ.

ದಿಂಬು ಮೇಜಿನ ಖಾನೆ ಸೇರಿತು. ಸಂಜೆಗೆ ಹೊಸ ತಗಡು ಕೂತಾಗ ಮ್ಯಾನೇಜರರಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ.

ಇನ್ನು ಮೇಸ್ತ್ರಿಗೆ ನಂಬರು ತಿರುಗಿಸಿಕೋ ಎಂದು ಹೇಳಿದರೆ ಪದ್ಧತಿಯ ಕಥೆ ಬಯಲಾಗುತ್ತದೆ. ಆದ್ದರಿಂದ ಪಟ್ಟಿಯಪ್ಪನವರು ಗುಟ್ಟಾಗಿ ತಮ್ಮ ನಂಬರನ್ನೇ ತಿರುಗಿಸಿಕೊಳ್ಳಲು ನಿಶ್ಚಯಿಸಿದರು. ಒಟ್ಟು ಹನ್ನೆರಡು, ನಾಳೆ ಎರಡನೆಯ ದಿನ. ಹನ್ನೆರಡರಲ್ಲಿ ಎರಡು ಹೋದರೆ ಹತ್ತು. ಹತ್ತನೆಯದನ್ನು ಖಾಲಿ ಮಾಡಿದರಾಯಿತು.

ಓದುವವರು ಬೆರಳು ಮಡಚಿ ನೋಡಬೇಕು. ಹಿಂದಿನಿಂದ ಎಣಿಸಿದರೆ ಮೊದಲನೆಯದು ಹನ್ನೆರಡು, ಎರಡನೆಯದು ಹನ್ನೊಂದು. ಪಟ್ಟಿಯಪ್ಪನವರು ಬೆರಳು ಮಡಚುವವರಲ್ಲ, ಕಾಗದದ ಮೇಲೆ ಲೆಕ್ಕ ಮಾಡುವವರು.

ಹೀಗೆ ಎರಡನೆಯ ದಿನ ಹತ್ತನೆಯ ಅಂಕಣದ, ಅಂದರೆ ಬೆಕ್ಕಿನ ಅಂಕಣದ ಕಾಗದವೆಲ್ಲ ಆಚೆ ಹೋಯಿತು, ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಯಿತು, ಸೀಟಿ ಮೊಳಗಿತು, ಮತ್ತು ಪಕ್ಕದ ಕತ್ತರಿ ಯಂತ್ರದ ಮೇಲಿನ ಛಾವಣಿ ಬಿಚ್ಚಿಕೊಂಡಿತು. ಬಲೆಯ ಸಂದಿಯಿಂದ ತುಕ್ಕಿನ ಪುಡಿ ಬೂದಿಯಂತೆ ಉದುರಿತು.

“ಸಾರ್, ಹಾಳೆ ಮೇಲೆಲ್ಲ ತುಕ್ಕು!” ಎಂದು ಕತ್ತರಿ ಯಂತ್ರದವನು ಬೊಬ್ಬೆ ಹೊಡೆದ.

“ನೆನೆದಿದೆಯಾ?”

“ನೆನೆದಿಲ್ಲ ಸಾರ್, ಆದ್ರೆ...”

“ನೆನೆದಿಲ್ಲ ತಾನೇ? ಹಾಗಾದ್ರೆ ಕೊಡವಿ ಮುಂದೆ ನಡಿ.”

ಹೊಲಿಗೆಯ ಅಂಕಣದಲ್ಲಿ ಹದಿನಾಲ್ಕು ಹೆಂಗಸರಿದ್ದರು. ಅವರಲ್ಲಿ ಹಿರಿಯಳನ್ನು ಎಲ್ಲರೂ ದಾರದಕ್ಕ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಪುಸ್ತಕದ ಬೆನ್ನು ಹೊಲಿದ ಕೈ. ಮಾತು ಕಡಿಮೆ, ಕಣ್ಣು ಹೆಚ್ಚು. ಬುತ್ತಿ ತಾರದವರ ಮುಂದೆ ತನ್ನ ಡಬ್ಬಿಯನ್ನು ಜಾರಿಸಿ ಬೇರೆಡೆ ನೋಡುತ್ತ ಕುಳಿತುಕೊಳ್ಳುವ ಜಾತಿಯವಳು. ಅವಳು ಎರಡು ದಿನವೂ ಸೀಟಿ ಮೊಳಗಿದ ಜಾಗವನ್ನೂ ತಗಡು ಎದ್ದ ಜಾಗವನ್ನೂ ನೋಡಿದ್ದಳು.

“ಅಕ್ಕಾ, ಸಾರ್‌ಗೆ ಲೆಕ್ಕ ತಪ್ಪಿದೆ. ಹೋಗಿ ಹೇಳೋಣ್ವಾ?” ಎಂದು ಪಕ್ಕದವಳು ಪಿಸುಗುಟ್ಟಿದಳು.

“ಎಲ್ಲರೆದುರು ಹೇಳಿದ್ರೆ ಅವರ ಮುಖ ಎಲ್ಲಿಡ್ತಾರೆ? ಸುಮ್ನಿರು,” ಎಂದಳು ದಾರದಕ್ಕ.

ಅವಳು ಪುಸ್ತಕದ ಬೆನ್ನಿಗೆ ಅಂಟಿಸುವ ಕೆಂಪು ಬಟ್ಟೆಯ ಒಂದು ಪಟ್ಟಿ ಹರಿದು ಉದ್ದನೆಯ ಬಿದಿರ ಕೋಲಿಗೆ ಕಟ್ಟಿದಳು. ತೆರೆದ ಅಂಕಣದಿಂದ ಇಣುಕುತ್ತಿದ್ದ ಮೇಸ್ತ್ರಿಗೆ ಅದನ್ನು ಎತ್ತಿ ತೋರಿಸಿದಳು. ಬಳಿಕ ಖಾಲಿ ನೆಲ ತೋರಿಸಿದಳು. ಮೇಸ್ತ್ರಿ ತಲೆಯಾಡಿಸಿದ. ಯಾರೂ ಒಂದಕ್ಷರ ಮಾತನಾಡಲಿಲ್ಲ, ನಿಯಮ ನಾಲ್ಕು ಮುರಿಯಲಿಲ್ಲ.

ಮೂರನೆಯ ದಿನ ಪಟ್ಟಿಯಪ್ಪನವರು ಲೆಕ್ಕ ಹಾಕಿ ಒಂಬತ್ತನ್ನು ಖಾಲಿ ಮಾಡಿಸಿದರು. ದಾರದಕ್ಕ ಸದ್ದಿಲ್ಲದೆ ಕೋಲೆತ್ತಿ ಒಂಬತ್ತರ ತಗಡಿನ ತೂತಿನಿಂದ ಕೆಂಪು ಬಟ್ಟೆಯನ್ನು ಹೊರತೂರಿಸಿದಳು. ಆ ಛಾವಣಿಯಲ್ಲಿ ತೂತಿಗೇನು ಬರ? ಸೀಟಿ ಮೊಳಗಿತು. ಒಂಬತ್ತರ ತಗಡೇ ಎದ್ದಿತು. ಪಟ್ಟಿಯಪ್ಪನವರು ಮೀಸೆಯ ಮೇಲೆ ಕೈಯಾಡಿಸಿದರು.

“ಗಣಿತ ಕಣೇ, ಗಣಿತ!” ಎಂದು ಮನೆಯಲ್ಲಿ ಹೇಳಿದರು. “ತಲೆಯೊಳಗೇ ಎಲ್ಲ ತಿರುಗಿಸ್ಬಿಡ್ತೀನಿ.”

“ಅದೇ ಕೈಲಿ ನಲ್ಲೀನೂ ಸ್ವಲ್ಪ ತಿರುಗಿಸಿ,” ಎಂದರು ಹೆಂಡತಿ.

ನಾಲ್ಕು, ಐದು, ಆರು... ದಿನಗಳು ಹೂವಿನ ಸರದಂತೆ ಸಾಗಿದವು. ಏಳನೆಯ ದಿನ ಸುರಕ್ಷತಾ ಇನ್ಸ್‌ಪೆಕ್ಟರು ಬಂದರು. ಅವರ ಕೈಯಲ್ಲಿ ದಪ್ಪ ಪುಸ್ತಕ.

“ಕಳಚುತ್ತಿರುವ ಛಾವಣಿ ಕೆಳಗೆ ಯಾರೂ ಇರಕೂಡದು ಅಂತ ರೂಲಿದೆ. ಮೊದಲನೇ ದಿನ ಮ್ಯಾನೇಜರು ಕೂತಿದ್ರಂತೆ? ಗಿರಣಿಯವರು ಹೇಳಿದ್ರು.”

“ಛಾವಣಿ ಕೆಳಗೆ ಕೂತಿರಲಿಲ್ಲ ಸಾರ್,” ಎಂದರು ಪಟ್ಟಿಯಪ್ಪನವರು ವಿನಯದಿಂದ. “ಅಲ್ಲಿ ಛಾವಣಿಯೇ ಇರಲಿಲ್ಲ.”

ಇನ್ಸ್‌ಪೆಕ್ಟರು ಪುಸ್ತಕ ತಿರುವಿದರು. ಛಾವಣಿ ಇಲ್ಲದ ಕಡೆ ಕೂರುವುದಕ್ಕೆ ರೂಲಿರಲಿಲ್ಲ. “ಇನ್ಮೇಲೆ ಕೂರಿಸ್ಬೇಡಿ,” ಎಂದರು. ಮ್ಯಾನೇಜರು ಮುಂದೆ ಬಂದು, “ಎಲ್ಲ ನನ್ನ ಮಾರ್ಗದರ್ಶನದಲ್ಲೇ ನಡೀತಿದೆ,” ಎಂದು ಸೇರಿಸಿದರು.

ಹನ್ನೊಂದನೆಯ ದಿನ ಹನ್ನೆರಡರಲ್ಲಿ ಹನ್ನೊಂದು ಕಳೆದು ಒಂದು ಬಂತು. ಗೋಂದಿನ ಅಂಕಣಕ್ಕೂ ಹೊಸ ಛಾವಣಿ ಬಂತು. ಸಂಜೆ ಪಟ್ಟಿಯಪ್ಪನವರು ನಾಳೆಯ ಲೆಕ್ಕ ಮಾಡಿದರು. ಹನ್ನೆರಡರಲ್ಲಿ ಹನ್ನೆರಡು ಹೋದರೆ ಸೊನ್ನೆ. ಎರಡು ಸಲ ಮಾಡಿದರು, ಸೊನ್ನೆಯೇ. ಸೊನ್ನೆ ನಂಬರಿನ ಅಂಕಣ ಎಲ್ಲಿದೆ? ಇಲ್ಲ. ಅಂದರೆ ಕೆಲಸ ಒಂದು ದಿನ ಮೊದಲೇ ಮುಗಿದಿದೆ!

ಮೇಸ್ತ್ರಿ ನಿಯಮದ ಪ್ರಕಾರ ಚೀಟಿ ಕಳಿಸಿದ್ದ: ‘ಒಂದು ಅಂಕಣಕ್ಕಾಗುವಷ್ಟು ತಗಡು ಉಳಿದಿದೆ. ಏನು ಮಾಡಲಿ?’

“ನೋಡಿದ್ರಾ, ಉಳಿತಾಯ!” ಎಂದು ಪಟ್ಟಿಯಪ್ಪನವರು ಅದನ್ನು ಯಜಮಾನರಿಗೆ ಓದಿ ಹೇಳಿದರು. ಯಜಮಾನರು ಮೆಚ್ಚಿ, ಮರುದಿನ ಇನ್ಸ್‌ಪೆಕ್ಟರನ್ನು ಕರೆಸಿ ಸಹಿ ಹಾಕಿಸೋಣ, ನಾಲ್ಕು ಮಾತಾಡೋಣ ಎಂದರು.

ಇನ್ನೊಂದು ಚೀಟಿಯೂ ಬಂದಿತ್ತು. ಅಂಚು ಹರಿದ ಹಾಳೆಯ ಮೇಲೆ ದುಂಡಗಿನ ಅಕ್ಷರ: ‘ಸಾರ್, ಬೆಕ್ಕಿನ ಅಂಕಣ ಉಳಿದಿದೆ. — ಹೊಲಿಗೆ ವಿಭಾಗ.’

ಪಟ್ಟಿಯಪ್ಪನವರು ಗೋಡೆಯ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದರು. ಆ ಹೆಸರಿನ ಅಂಕಣ ಅದರಲ್ಲಿರಲಿಲ್ಲ. ಚೀಟಿಯ ಮೇಲೆ ‘ಪಟ್ಟಿಯಲ್ಲಿ ಬೆಕ್ಕು ಇಲ್ಲ. ತಿರಸ್ಕರಿಸಲಾಗಿದೆ’ ಎಂದು ಬರೆದು ಜೇಬಿಗೆ ಹಾಕಿಕೊಂಡರು.

ಹನ್ನೆರಡನೆಯ ದಿನ ಬೆಳಗ್ಗೆಯಿಂದಲೇ ಮೋಡ. ಪುಸ್ತಕಗಳ ಲಾರಿ ಮರುದಿನ ಬರುವುದಿತ್ತು. ಸಿದ್ಧವಾದ ಕಟ್ಟುಗಳನ್ನೆಲ್ಲ ಒಂದು ಕಡೆ ಪೇರಿಸಿ ತೋರಿಸಬೇಕು. ಹತ್ತನೆಯ ಅಂಕಣದ ಕಾಗದವೆಲ್ಲ ಪುಸ್ತಕವಾಗಿ ಜಾಗ ಬಿದ್ದಿತ್ತು.

“ಎಲ್ಲ ಅಲ್ಲೇ ಪೇರಿಸಿ, ಮೇಲೆ ತಾಡಪಾಲು ಹೊದಿಸಿ. ಪಕ್ಕದಲ್ಲೇ ಇನ್ಸ್‌ಪೆಕ್ಟರ್ ಮೇಜು,” ಎಂದು ಅಪ್ಪಣೆಯಾಯಿತು.

“ಸಾರ್, ಅಲ್ಲಿ ಬೇಡ...” ಎಂದಳು ದಾರದಕ್ಕ.

“ಅನುಮಾನ ಇದ್ರೆ ಬರೆದು ಕೊಡಮ್ಮ.”

“ಕೊಟ್ಟಿದ್ದೀನಿ ಸಾರ್.”

“ಹಾಗಾದ್ರೆ ಉತ್ತರ ಬರತ್ತೆ.”

ಪಟ್ಟಿಯಪ್ಪನವರು ಒಮ್ಮೆ ಸುತ್ತ ನೋಡಿದರು. ಹತ್ತನೆಯ ಅಂಕಣದ ಸೂರಿಗೆ ಬಿದಿರ ಕೋಲೊಂದು ಚುಚ್ಚಿ ನಿಂತಿತ್ತು. “ದೊಡ್ಡವರು ಬರೋ ಹೊತ್ತಿಗೆ ಇದ್ಯಾವುದು ಚಿಂದಿ? ಇಳಿಸಿ ಇದನ್ನ!” ಎಂದು ತಾವೇ ಕೋಲನ್ನು ಎಳೆದು ಮೂಲೆಗೆಸೆದರು. ಕೋಲು ಬಂದ ತೂತಿನ ಕಡೆ ಮಾತ್ರ ನೋಡಲಿಲ್ಲ. ಆಮೇಲೆ ಅಂಗಿ ಬದಲಾಯಿಸಿ ಬರಲು ಮನೆಗೆ ಹೋದರು.

ಮಧ್ಯಾಹ್ನ ಮೂರಕ್ಕೆ ಎಲ್ಲರೂ ನೆರೆದರು. ಗಿರಣಿಯ ಗುಮಾಸ್ತನೂ ಕರೆಯದೇ ಬಂದಿದ್ದ. ಯಜಮಾನರು ಶಿಸ್ತಿನ ಬಗ್ಗೆ ಮಾತಾಡಿದರು. ಮ್ಯಾನೇಜರು ಬಯಲಿನಲ್ಲಿ ತಾವು ಕಳೆದ ಒಂದು ದಿನದ ಬಗ್ಗೆ ಒಂದು ವರ್ಷ ಕಳೆದವರಂತೆ ಮಾತಾಡಿದರು. ಪಟ್ಟಿಯಪ್ಪನವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಗಣಿತವನ್ನು ಹೊಗಳಿದರು. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

“ಅಂದ ಹಾಗೆ, ಕೆಲಸ ಮುಗಿದ್ರೆ ಆ ಮೇಸ್ತ್ರಿ ಯಾಕೆ ಇನ್ನೂ ಮೇಲೇ ಕೂತಿದ್ದಾನೆ?” ಎಂದರು ಯಜಮಾನರು, ಬಾಗಿಲಾಚೆ ಇಣುಕಿ.

ಪಟ್ಟಿಯಪ್ಪನವರು ಅಂಗಳಕ್ಕೆ ಹೋಗಿ ಕೂಗಿದರು, “ಏನಪ್ಪಾ, ಯಾಕೆ ಕೂತಿದ್ದೀಯಾ?”

“ಬಾವುಟ ಇಳಿದಿದೆಯಲ್ಲ ಸಾರ್!” ಮೇಲಿನಿಂದ ಉತ್ತರ ಬಂತು. ಹನ್ನೆರಡು ದಿನ ಬಿಗಿಹಿಡಿದ ಬಾಯಿ, ಇಡೀ ಶೆಡ್ಡಿಗೆ ಕೇಳಿಸಿತು. “ಹೊಲಿಗೆ ಅಕ್ಕ ಬೆಳಗ್ಗೆ ಉಳಿದ ಅಂಕಣದ ಮೇಲೆ ಏರಿಸಿದ್ರು. ನಾವು ಬಿಚ್ಚೋಣ ಅಂತ ಎದ್ವಿ, ಯಾರೋ ಎಳ್ಕೊಂಡ್ರು. ಖಾಲಿ ಇದೆಯೋ ಇಲ್ವೋ ಗೊತ್ತಾಗದೆ ಬಿಚ್ಚೋದು ಹೇಗೆ ಸಾರ್?”

“ಯಾವ ಬಾವುಟ?”

“ದಿನಾ ತೋರಿಸೋ ಕೆಂಪು ಬಾವುಟ! ನಿಮ್ಮ ಸೀಟಿ ಕೇಳ್ಕೊಂಡು ಕೂತಿದ್ರೆ ಇಷ್ಟೊತ್ತಿಗೆ...”

ಆಗ ಗುಡುಗಿತು. ಮಳೆ ಹನಿಗೆ ನಿಯಮ ನಾಲ್ಕು ಗೊತ್ತಿರಲಿಲ್ಲ. ಅದು ಮೇಲಿನಿಂದ ನೇರವಾಗಿ ಬಂದು ಇನ್ಸ್‌ಪೆಕ್ಟರರ ಪೆನ್ನಿನ ತುದಿಗೆ ಸರಿಯಾಗಿ ಬಿತ್ತು. ಎರಡನೆಯದು ಅವರ ಮೂಗಿಗೆ. ಮೂರನೆಯದರಿಂದಾಚೆಗೆ ಎಣಿಸುವಂತಿರಲಿಲ್ಲ. ಎಲ್ಲರೂ ಕತ್ತೆತ್ತಿದರು. ಹನ್ನೊಂದು ಅಂಕಣ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು, ನಡುವೆ ಒಂದು ಅಂಕಣ ತುಕ್ಕು ಹಿಡಿದ ಜರಡಿಯಾಗಿ ಸುರಿಯುತ್ತಿತ್ತು.

“ಇದೇನ್ರೀ?” ಯಜಮಾನರ ಕೈ ಸಹಿ ಮಾಡಿದ ಕಾಗದವಿದ್ದ ಜೇಬಿಗೆ ಹೋಯಿತು. “ಪುಸ್ತಕ! ಪುಸ್ತಕವೆಲ್ಲ ಇದರಡಿ ಇದೆಯಲ್ರೀ!”

ತಾಡಪಾಲಿನ ಮೇಲೆ ನೀರು ಮಡುಗಟ್ಟಿ, ಹರಿದ ಕಡೆಗಳಿಂದ ಒಳಗಿಳಿಯುತ್ತಿತ್ತು. ಅಂಗಳದಿಂದ ಒಳಗೋಡಿ ಬಂದ ಪಟ್ಟಿಯಪ್ಪನವರು ಇಂಗು ತಿಂದ ಮಂಗನಂತೆ ನಿಂತಿದ್ದರು. ಅವರ ಕಣ್ಣ ಮುಂದೆ ಗುಜರಿ ಗಾಡಿಯೊಂದು ಬಂದು ನಿಂತು, ಮೊದಲು ತಗಡನ್ನೂ ಆಮೇಲೆ ಅವರನ್ನೂ ಹತ್ತಿಸಿಕೊಂಡಿತು. ಯಜಮಾನರು ತಾಡಪಾಲಿನ ಮೂಲೆ ಹಿಡಿದು ಜಗ್ಗಿದರು. ಪಟ್ಟಿಯಪ್ಪನವರು ಕಣ್ಣು ಮುಚ್ಚಿಕೊಂಡರು.

ಟಣ್ ಟಣ್ ಎಂದು ಸದ್ದಾಯಿತು. ಪುಸ್ತಕ ನೆನೆದರೆ ಆಗುವ ಸದ್ದಲ್ಲ ಅದು.

ಕಣ್ಣು ಬಿಟ್ಟರೆ, ತಾಡಪಾಲಿನಡಿ ಸಾಲಾಗಿ ಗೋಂದಿನ ಖಾಲಿ ಡ್ರಮ್ಮುಗಳು, ಅವುಗಳೊಳಗೆ ಮಳೆ.

“ಪುಸ್ತಕ ಎಲ್ಲಿ?”

“ಹೊಲಿಗೆ ಅಂಕಣದಲ್ಲಿ ಬೆಚ್ಚಗಿವೆ ಸಾರ್,” ಎಂದಳು ದಾರದಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಸೋರೋ ಕಡೆ ಯಾರಾದ್ರೂ ಪುಸ್ತಕ ಇಡ್ತಾರಾ?”

ಅವಳ ಹಿಂದೆ ಹದಿಮೂರು ಹೆಂಗಸರು ನಿಂತಿದ್ದರು. ಊಟದ ಬಿಡುವಿನಲ್ಲಿ ಯಾರೂ ಬುತ್ತಿ ಬಿಚ್ಚಿರಲಿಲ್ಲ ಎಂಬುದು ಅವರ ಮುಖದಲ್ಲಿತ್ತು.

“ಮತ್ತೆ ಈ ಅಂಕಣ ಯಾಕೆ ಹಳೇದು ಉಳಿದಿದೆ?”

ಪಟ್ಟಿಯಪ್ಪನವರು ಗೋಡೆಯ ಪಟ್ಟಿಯ ಕಡೆ ನೋಡಿದರು. ದಾರದಕ್ಕ ಅವರ ಕಡೆ ನೋಡಲೇ ಇಲ್ಲ.

“ಸಾರೇ ಉಳಿಸಿದ್ದು. ಮಳೆ ಬರೋ ಹೊತ್ತಲ್ಲಿ ಹಳೇದು ಹೊಸದು ಅಕ್ಕಪಕ್ಕ ತೋರಿಸಿದ್ರೆ ಮಾತ್ರ ದೊಡ್ಡವರಿಗೆ ವ್ಯತ್ಯಾಸ ಗೊತ್ತಾಗೋದು ಅಂತ. ಅದಕ್ಕೇ ಒಂದು ಅಂಕಣದ ತಗಡೂ ಮಿಗಿಸಿದ್ದಾರೆ. ಆ ಕೆಂಪು ಬಾವುಟವೂ ಅವರದೇ ಏರ್ಪಾಡು. ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು.”

ಇನ್ಸ್‌ಪೆಕ್ಟರು ಮೂಗೊರೆಸಿಕೊಂಡು ಒಣಗಿದ ಅಂಕಣಕ್ಕೆ ಒಂದು ಹೆಜ್ಜೆ, ಸೋರುವ ಅಂಕಣಕ್ಕೆ ಒಂದು ಹೆಜ್ಜೆ ಇಟ್ಟು ನೋಡಿದರು. “ಪ್ರತ್ಯಕ್ಷ ಪ್ರಮಾಣ! ಇಷ್ಟು ವರ್ಷದ ನೌಕರೀಲಿ ಯಾರೂ ಹೀಗೆ ತೋರಿಸಿರಲಿಲ್ಲ,” ಎಂದು ಒಣಗಿದ ಕಡೆ ನಿಂತು ಸಹಿ ಹಾಕಿದರು.

“ನಾನೇ ಸೂಚಿಸಿದ್ದು,” ಎಂದರು ಮ್ಯಾನೇಜರು.

ಯಜಮಾನರು ಪಟ್ಟಿಯಪ್ಪನವರ ಬೆನ್ನು ತಟ್ಟಿದರು. “ಹಿಂದಿನ ಶೆಡ್ಡಿನ ಛಾವಣಿಯೂ ನಿಮಗೇ. ಮಳೆಗಾಲ ಮುಗಿಯಲಿ, ಶುರು ಮಾಡಿ!”

ಮಳೆ ಹೊಳವಾಗಿ ನಿಂತ ಮೇಲೆ ಮೂಲೆಯಿಂದ ಬಿದಿರ ಕೋಲು ಎದ್ದಿತು, ಕೆಂಪು ಬಟ್ಟೆ ತೂತಿನಿಂದ ಹೊರಗಿಣುಕಿತು, ಹೊತ್ತು ಮುಳುಗುವ ಮೊದಲು ಬೆಕ್ಕಿನ ಅಂಕಣಕ್ಕೂ ಹೊಸ ತಗಡು ಕೂತಿತು. ಈ ಬಾರಿ ಯಾರೂ ಸೀಟಿ ಊದಲಿಲ್ಲ.

ಎಲ್ಲರೂ ಹೊರಟ ಮೇಲೆ ಪಟ್ಟಿಯಪ್ಪನವರು ಹೊಲಿಗೆಯ ಮೇಜಿನ ಹತ್ತಿರ ಬಂದರು. ದಾರದಕ್ಕ ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದಳು.

“ಅಕ್ಕಾ,” ಎಂದರು. ಹನ್ನೆರಡು ದಿನದಲ್ಲಿ ಅವರು ಹಾಗೆ ಕರೆದದ್ದು ಮೊದಲ ಸಲ. “ನಿಮಗೆ ಮೊದಲೇ ಗೊತ್ತಿತ್ತಲ್ಲ, ಒಂದು ಮಾತು ಹೇಳಬಾರದಿತ್ತಾ?”

“ಬರೆದು ಕೊಟ್ಟಿದ್ದೆನಲ್ಲ ಸಾರ್.”

ಪಟ್ಟಿಯಪ್ಪನವರು ಹಳೆಯ ಅಂಗಿಯಿಂದ ಹೊಸ ಅಂಗಿಯ ಜೇಬಿಗೆ ಮರೆಯದೆ ಸಾಗಿಸಿದ್ದ ಚೀಟಿಯನ್ನು ತೆಗೆದು, ತಮ್ಮದೇ ಅಕ್ಷರವನ್ನು ತಾವೇ ಓದಿಕೊಂಡರು. ಕಾಗದದ ಸಂದಿಯಿಂದ ಬೆಕ್ಕು ಬಂದು ಅವರ ಕಾಲಿಗೆ ಮೈ ಉಜ್ಜಿತು, ತಿರಸ್ಕಾರವಾದದ್ದು ಅದಕ್ಕೆ ಗೊತ್ತಿರಲಿಲ್ಲ.

“ಮಳೆ ಮತ್ತೆ ಬರೋ ಹಾಗಿದೆ, ಮನೆಗೆ ಹೋಗಿ ಸಾರ್. ಅಮ್ಮಾವರು ಕಾಯ್ತಿರ್ತಾರೆ,” ಎಂದು ದಾರದಕ್ಕ ತನ್ನ ಕೊಡೆಯನ್ನು ಮೇಜಿನ ಮೇಲೆ ಅವರ ಕಡೆ ಜಾರಿಸಿ, ಬೇರೆಡೆ ನೋಡುತ್ತ ಡಬ್ಬಿ ಮುಚ್ಚಿದಳು.

ಆ ಸಂಜೆ ಪಟ್ಟಿಯಪ್ಪನವರು ಮೊದಲು ಬಚ್ಚಲಿನ ನಲ್ಲಿಗೆ ಹೊಸ ವಾಷರ್ ಹಾಕಿದರು. ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದರು. ಆಮೇಲೆ ಅವರು ಹೊಸ ಹಾಳೆ ತೆಗೆದು, ಗೆರೆ ಎಳೆದು, ‘ಹಿಂದಿನ ಶೆಡ್ಡಿನ ಛಾವಣಿ: ಕಾರ್ಯಕ್ರಮ ಪಟ್ಟಿ’ ಎಂದು ತಲೆಬರಹ ಕೊಟ್ಟರು. ಅದರಡಿ ಬರೆದರು:

‘ಒಂದು: ದಾರದಕ್ಕನನ್ನು ಕೇಳುವುದು.’

ಆ ಪಟ್ಟಿಯಲ್ಲಿ ಎರಡನೆಯ ನಂಬರು ಇರಲಿಲ್ಲ.